ನನ್ನ ಮಗ ಮನೆಗೆ ಬಂದ, ಅವನ ಗೆಳೆಯ ಕೋರ್ಟಿಗೆ ಹೋದ

ಪ್ರಶ್ನೆ: ಅಕ್ಕಾ, ನಾವು 11 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ 14. ಹೋದ ತಿಂಗಳು ಅವನೂ ಅವನ ಶಾಲೆಯ ಗೆಳೆಯನೂ ಮಾಲ್‌ನಲ್ಲಿ ಹೆಡ್‌ಫೋನ್ ಕದ್ದು ಸಿಕ್ಕಿಬಿದ್ದರು. ಗೆಳೆಯ ಕಪ್ಪು ಹುಡುಗ, ಅವನಿಗೂ 14. ಜೇಬಿಗೆ ಹಾಕಿಕೊಂಡವನು ನನ್ನ ಮಗ. ಸ್ಟೇಷನ್ನಿನಿಂದ ಫೋನ್ ಬಂತು, ಓಡಿದೆವು. ಆಫೀಸರ್ ಬುದ್ಧಿ ಹೇಳಿ, ಹತ್ತು ಗಂಟೆ ಸಮಾಜಸೇವೆ ಮಾಡಿಸಿ ಎಂದು ಸಹಿ ಹಾಕಿಸಿಕೊಂಡು ಕಳಿಸಿದರು. ಆ ಹುಡುಗನ ಮೇಲೆ ಮಾತ್ರ ಕೇಸ್ ಆಗಿದೆ. ನಮ್ಮವರು "ಅವನು ಮೊದಲೂ ಏನೋ ಮಾಡಿರ್ತಾನೆ, ನಮಗ್ಯಾಕೆ, ಸುಮ್ನಿರು" ಅಂತಾರೆ. ಮಗ ಸರಿಯಾಗಿ ಊಟ ಮಾಡುತ್ತಿಲ್ಲ. ಇದು ಬಣ್ಣ ನೋಡಿ ಮಾಡಿದ್ದಾ? ನಾನೇನು ಮಾಡಲಿ?
(ಹೆಸರು ಬೇಡ, ನ್ಯೂಜೆರ್ಸಿ)

ಉತ್ತರ: ತಂಗಿ, "ಜೇಬಿಗೆ ಹಾಕಿಕೊಂಡವನು ನನ್ನ ಮಗ" ಎಂದು ಬರೆದಿದ್ದೀರಲ್ಲ, ಎಷ್ಟೋ ತಾಯಂದಿರು ಆ ಸಾಲನ್ನು ಬಿಟ್ಟೇ ಬರೆಯುತ್ತಿದ್ದರು.

ನಾನು ತಿಪಟೂರಿನವಳು. ಇದೇ ರಾಜ್ಯದ ಒಂದು ಕೌಂಟಿ ಕೋರ್ಟಿನಲ್ಲಿ, ಮಕ್ಕಳ ಕೇಸುಗಳ ವಿಭಾಗದಲ್ಲಿ 19 ವರ್ಷ ಗುಮಾಸ್ತೆಯಾಗಿದ್ದೆ. ತಪ್ಪು ಮಾಡಿದ ಮಕ್ಕಳ ಮನೆ, ನಡತೆ ವಿಚಾರಿಸಿ ಕೋರ್ಟಿಗೆ ತಿಳಿಸುವ ಪ್ರೊಬೇಷನ್ ಆಫೀಸರುಗಳ ವರದಿ ಟೈಪ್ ಮಾಡಿ ಫೈಲಿಗೆ ಸೇರಿಸುವುದು ನನ್ನ ಕೆಲಸ. ಅಷ್ಟು ವರ್ಷದಲ್ಲಿ "ಇವನು ಕಪ್ಪು ಹುಡುಗ, ಒಳಗೆ ಹಾಕಿ" ಎಂದು ಯಾರೂ ಬರೆದಿದ್ದು ನೋಡಲಿಲ್ಲ. ಯಾರು ತಾನೇ ಬರೆಯುತ್ತಾರೆ?

ಒಂದು ವಾರ ಎರಡು ವರದಿ ಒಟ್ಟಿಗೇ ಬಂದವು. ಇಬ್ಬರಿಗೂ 15. ಇಬ್ಬರೂ ಕಾರಿನ ಗಾಜು ಒಡೆದಿದ್ದರು. ಬಿಳಿ ಹುಡುಗನ ಬಗ್ಗೆ ಹೀಗಿತ್ತು: "ತಂದೆ ತಾಯಿ ಬೇರೆಯಾದ ಮೇಲೆ ಸಹವಾಸ ಕೆಟ್ಟಿದೆ, ಕೌನ್ಸೆಲಿಂಗ್ ಸಾಕು." ಕಪ್ಪು ಹುಡುಗನ ಬಗ್ಗೆ: "ದುಡುಕು ಸ್ವಭಾವ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ. ಪಶ್ಚಾತ್ತಾಪ ಕಾಣಲಿಲ್ಲ." ಅವನ ಅಪ್ಪ ಅಮ್ಮನೂ ಬೇರೆಯಾಗಿದ್ದರು. ಅದು ಎರಡನೇ ಹಾಳೆಯಲ್ಲಿ, ವಿಳಾಸದ ಕೆಳಗಿತ್ತು, ಅಷ್ಟೇ. ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ನಮ್ಮೂರಲ್ಲಿ ಮರ್ಯಾದೆ. ಇಲ್ಲಿ ಅದೇ ತಪ್ಪಾಯಿತು. ನಾನು ಎರಡನ್ನೂ ಟೈಪ್ ಮಾಡಿ, ಡಬ್ಬಿ ತೆಗೆದು ಮೊಸರನ್ನ ತಿಂದೆ. ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಎಷ್ಟೋ ದಿನದ ಮೇಲೆ. ಜಾರ್ಜ್ ಬ್ರಿಡ್ಜಸ್, ಸಾರಾ ಸ್ಟೀನ್ ಎಂಬ ಸಮಾಜಶಾಸ್ತ್ರಜ್ಞರು ವಾಷಿಂಗ್ಟನ್ ರಾಜ್ಯದಲ್ಲಿ ಇಂಥವೇ ವರದಿಗಳನ್ನು ಕೂತು ಓದಿ 1998ರಲ್ಲಿ ಬರೆದದ್ದು ಕಣ್ಣಿಗೆ ಬಿತ್ತು. ಬಿಳಿ ಮಕ್ಕಳ ತಪ್ಪಿಗೆ ಮನೆ, ಸಹವಾಸ ಕಾರಣವಂತೆ. ಕಪ್ಪು ಮಕ್ಕಳ ತಪ್ಪಿಗೆ ಅವರ ಗುಣವೇ ಕಾರಣವಂತೆ. ಗುಣವೇ ಕೆಟ್ಟಿದ್ದರೆ ಮತ್ತೆ ಮಾಡ್ತಾನೆ, ಬಿಗಿ ಮಾಡಿ ಎಂದು ಲೆಕ್ಕ. ನನ್ನ ಆ ಎರಡು ಹಾಳೆ ಕಣ್ಣೆದುರು ಬಂದವು.

ಇನ್ನು ನಿಮ್ಮ ಮಗನ ವಿಷಯ. ಅಲ್ಲಿ ನಡೆದದ್ದಕ್ಕೆ ನ್ಯೂಜೆರ್ಸಿಯಲ್ಲಿ "ಸ್ಟೇಷನ್‌ಹೌಸ್ ಅಡ್ಜಸ್ಟ್‌ಮೆಂಟ್" ಅಂತಾರೆ. ಸಣ್ಣ ತಪ್ಪಾದರೆ ಪೊಲೀಸರು ಹುಡುಗನನ್ನೂ ಮನೆಯವರನ್ನೂ ಕೂರಿಸಿಕೊಂಡು ಸ್ಟೇಷನ್ನಿನಲ್ಲೇ ಮುಗಿಸುವುದು. ಒಳ್ಳೆಯದೇ. ಆದರೆ ಯಾರಿಗೆ ಕೊಡಬೇಕು ಎಂಬುದು ಬಹುಪಾಲು ಆ ಮೇಜಿನ ಹಿಂದೆ ಕೂತವರ ಕೈಯಲ್ಲಿ. ನೀವು ಗಂಡ ಹೆಂಡತಿ ಇಬ್ಬರೂ ಸ್ಟೇಷನ್ನಿಗೆ ಓಡಿದಿರಿ. ಆ ಹುಡುಗನ ತಾಯಿಗೆ ನೈಟ್ ಶಿಫ್ಟ್ ಇದ್ದು ಫೋನ್ ತೆಗೆಯದಿದ್ದರೆ? "ಮನೆಯವರು ಸಹಕರಿಸುತ್ತಿಲ್ಲ" ಅಂತಾಗುತ್ತದೆ. ಜೊತೆಗೆ ಕಣ್ಣಳತೆಯ ವಯಸ್ಸು ಬೇರೆ. ಫಿಲಿಪ್ ಗಾಫ್ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ್ದು ಇದನ್ನೇ: 10 ವರ್ಷ ದಾಟಿದ ಕಪ್ಪು ಹುಡುಗರನ್ನು ಜನ ಇರುವುದಕ್ಕಿಂತ ದೊಡ್ಡವರು, ಅಷ್ಟೇನೂ ಮುಗ್ಧರಲ್ಲ ಎಂದು ನೋಡುತ್ತಾರೆ. ನಿಮ್ಮ ಮಗ 14ರ ಮಗುವಾಗಿ ಕಂಡ. ಇನ್ನೊಬ್ಬ "ಬೆಳೆದವನು" ಆದ.

ನಿಮ್ಮ ಕೇಸಿನಲ್ಲಿ ಹೀಗೇ ಆಗಿರಬೇಕೆಂದು ಆ ಫೈಲ್ ನೋಡದೆ ನಾನು ಆಣೆ ಮಾಡಲಾರೆ. ಲೆಕ್ಕ ಮಾತ್ರ ಹೇಳಬಲ್ಲೆ. 2000ದಲ್ಲಿ ಅಮೆರಿಕದಲ್ಲಿ ಒಂದು ದಿನಕ್ಕೆ ಲಕ್ಷಕ್ಕೂ ಜಾಸ್ತಿ ಮಕ್ಕಳು ಬಂಧನದಲ್ಲಿದ್ದರು. ಈಚಿನ ವರ್ಷಗಳಲ್ಲಿ ಅದು 30 ಸಾವಿರದ ಕೆಳಗೆ ಇಳಿದಿದೆ. ಅಂತರ ಇಳಿದಿಲ್ಲ. ಕಪ್ಪು ಮಕ್ಕಳು ಒಳಗೆ ಹೋಗುವ ಸಂಭವ ಬಿಳಿ ಮಕ್ಕಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ನ್ಯೂಜೆರ್ಸಿಯಲ್ಲಂತೂ ಈ ಅಂತರ ಇಡೀ ದೇಶದಲ್ಲೇ ದೊಡ್ಡವುಗಳಲ್ಲಿ ಒಂದು. ಮಕ್ಕಳನ್ನು ಆದಷ್ಟು ಕೋರ್ಟಿನ ಹೊರಗೇ ಬಿಡಿ ಎಂದು ಇಲ್ಲಿನ ಅಟಾರ್ನಿ ಜನರಲ್ 2020ರ ಡಿಸೆಂಬರ್‌ನಲ್ಲಿ ಪೊಲೀಸರಿಗೆ ಲಿಖಿತವಾಗಿಯೇ ಹೇಳಿದ್ದಾರೆ. ಆ ಮಾತು ನಿಮ್ಮ ಮಗನವರೆಗೆ ಬಂತು, ಗೆಳೆಯನ ಹತ್ತಿರ ಹೋಗಲಿಲ್ಲ.

"ಮೊದಲೂ ಏನೋ ಮಾಡಿರ್ತಾನೆ" ಅಂದರಲ್ಲ ನಿಮ್ಮ ಯಜಮಾನರು, ಅವರಿಗೆ ಇದನ್ನು ಓದಿ ಹೇಳಿ. ಮಾಡಿರಲೂಬಹುದು. ಆದರೆ "ಮೊದಲಿನ ಕೇಸ್" ಎಂಬುದೂ ಹೀಗೇ ಹುಟ್ಟುತ್ತದೆ. ಇವತ್ತಿನ ಹೆಡ್‌ಫೋನ್‌ಗೆ ಒಬ್ಬನ ಹೆಸರು ಕೋರ್ಟಿಗೆ ಹೋಯಿತು. ಇನ್ನೆರಡು ವರ್ಷಕ್ಕೆ ಇಬ್ಬರೂ ಮತ್ತೆ ಸಿಕ್ಕಿಬಿದ್ದರೆ "ಮೊದಲೂ ಮಾಡಿದ್ದ" ಎಂದು ಬರೆಯುವುದು ಯಾರಿಗೆ? ಕದ್ದು ಜೇಬಿಗೆ ಹಾಕಿದವನಿಗಲ್ಲ. ಅಂದಹಾಗೆ, ನಮ್ಮ ಮನೆಗಳ ಪಾರ್ಟಿಯಲ್ಲಿ ಕಪ್ಪು ಹುಡುಗರಿಗೆ ಏನೇನು ಹೆಸರಿಡುತ್ತೇವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮಕ್ಕಳಿಗೂ ಕೇಳಿಸುತ್ತದೆ.

ಗೆಳೆತನ ಎಷ್ಟು ದುಬಾರಿಯಾಗಬಹುದು ಅನ್ನುವುದಕ್ಕೆ ನನಗೆ ನೆನಪಾಗುವುದು ಕೋರಿ ವೈಸ್. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಬ್ಬ ಮಹಿಳೆಯ ಮೇಲೆ ದಾಳಿಯಾದಾಗ ಅವನಿಗೆ 16. ಪೊಲೀಸರು ಹುಡುಕುತ್ತಿದ್ದದ್ದು ಅವನನ್ನಲ್ಲ. ಗೆಳೆಯ ಯೂಸೆಫ್ ಸಲಾಮ್ ಒಬ್ಬನೇ ಹೋಗುವುದು ಬೇಡ ಎಂದು ಜೊತೆಗೆ ಹೋದ. ಮಾಡದ ತಪ್ಪಿಗೆ ಇವರಿಬ್ಬರೂ ಸೇರಿ ಐದು ಹುಡುಗರಿಗೆ ಶಿಕ್ಷೆಯಾಯಿತು. ಕೋರಿ ದೊಡ್ಡವರ ಜೈಲಿನಲ್ಲಿ 12 ವರ್ಷಕ್ಕೂ ಹೆಚ್ಚು ಕಳೆದ. 2002ರಲ್ಲಿ ನಿಜವಾದ ಅಪರಾಧಿ ಒಪ್ಪಿಕೊಂಡು, ಡಿಎನ್ಎ ಕೂಡಿಬಂದ ಮೇಲೆ ಐದೂ ಹುಡುಗರ ಶಿಕ್ಷೆ ರದ್ದಾಯಿತು.

ಈಗ ಮಾಡಬೇಕಾದ್ದು. ಮೊದಲು ನಿಮ್ಮದೇ ವಕೀಲರನ್ನು ನೋಡಿ. ಮಗನಿಂದ ಏನನ್ನೂ ಬರೆಸಿ ಯಾರಿಗೂ ಕಳಿಸಬೇಡಿ, ಮೆಸೇಜ್ ಕೂಡ ಬೇಡ. ಅವನು ನಿಜ ಹೇಳಬೇಕು, ಆದರೆ ವಕೀಲರ ಮೂಲಕ, ಆ ಹುಡುಗನ ವಕೀಲರಿಗೆ. ಆಮೇಲೆ ಆ ತಾಯಿಗೆ ಫೋನ್ ಮಾಡಿ. ಕೇಸನ್ನು "ಜುವೆನೈಲ್ ಕಾನ್ಫರೆನ್ಸ್ ಕಮಿಟಿ"ಗೆ ಕಳಿಸಲಾಗುತ್ತದಾ ಎಂದು ಕೇಳಿಸಲು ಹೇಳಿ. ಸಣ್ಣ ಕೇಸುಗಳನ್ನು ಊರಿನ ಜನರೇ ಸಂಬಳವಿಲ್ಲದೆ ಕೂತು ನೋಡುವ ಸಮಿತಿ ಅದು. ಹುಡುಗ ಹೇಳಿದಷ್ಟು ಮಾಡಿದರೆ ಕೇಸ್ ಅಲ್ಲಿಗೇ ಮುಗಿಯುತ್ತದೆ. ಕನ್ನಡ ಕೂಟದ ಊಟ ಬಡಿಸಲು ನಮ್ಮಲ್ಲಿ ನಲವತ್ತು ಜನ ಸಿಗುತ್ತಾರೆ. ಆ ಸಮಿತಿಗಳಲ್ಲಿ ನನ್ನ 19 ವರ್ಷದಲ್ಲಿ ಒಬ್ಬ ಕನ್ನಡಿಗರನ್ನೂ ಕಾಣಲಿಲ್ಲ. ನೀವು ಅರ್ಜಿ ಹಾಕಿ.

ಕೋರ್ಟಿಗೆ ಹೋಗುವ ದಿನ ಅವರಿಗೆ ಕಾರು ಬೇಕಾ ಎಂದು ಕೇಳಿ. ಮಕ್ಕಳ ಕೇಸಾದ್ದರಿಂದ ಸಾಮಾನ್ಯವಾಗಿ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರಿ. ಎರಡು ಮೂರು ಗಂಟೆ ಆಗಬಹುದು. ಆ ಕಾರಿಡಾರ್‌ಗಳಲ್ಲಿ ಎಸಿ ಜಾಸ್ತಿ, ಸ್ವೆಟರ್ ತೊಗೊಂಡು ಹೋಗಿ.