ಸೇಂದಿ ಬಿಟ್ಟ ಎರಡನೇ ದಿನಕ್ಕೇ ಫಿಟ್ಸ್ ಬಂತು, ಏಕೆ?

ಪ್ರಶ್ನೆ: ನಮ್ಮ ಮನೆಯವರಿಗೆ 38 ವರ್ಷ. ಆರೇಳು ವರ್ಷಗಳಿಂದ ದಿನಾ ಸೇಂದಿ ಬೇಕೇ ಬೇಕು. ಶ್ರಾವಣಕ್ಕೆಂದು ಒಮ್ಮೆಲೇ ಬಿಟ್ಟರು. ಮೊದಲ ರಾತ್ರಿ ನಿದ್ದೆಯಿಲ್ಲ, ಮೈಯೆಲ್ಲ ನಡುಕ. ಎರಡನೇ ದಿನ ಫಿಟ್ಸ್ ಬಂತು, ಆಮೇಲೆ ಯಾರೋ ಎದುರಿಗಿದ್ದಂತೆ ಮಾತಾಡತೊಡಗಿದರು. ಗಾಳಿ ಸೋಕಿದೆ ಎಂದು ಅತ್ತೆ ತಾಯತ ಕಟ್ಟಿಸಿದರು. ಮತ್ತೆ ಕುಡಿದ ಮೇಲೆ ಸರಿಹೋದರು. ಈ ಸಲ ಕೋಣೆಯಲ್ಲಿ ಕೂಡಿಹಾಕಿ ಬಿಡಿಸೋಣ ಅಂತಾರೆ. ಮಾಡಬಹುದೇ?
– ಓದುಗರು, ರಾಯಚೂರು ತಾಲ್ಲೂಕು

ಉತ್ತರ: ಬೇಡ ತಾಯಿ, ಕೂಡಿಹಾಕಿದರೆ ಜೀವಕ್ಕೇ ಅಪಾಯ. ಅವರಿಗೆ ಗಾಳಿ ಸೋಕಿಲ್ಲ. ಕಲಬೆರಕೆ ಸೇಂದಿಯಲ್ಲಿ ನಶೆ ಏರಿಸುವುದು ಹೆಚ್ಚಾಗಿ ಪುಡಿ: ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್, ಇಲ್ಲವೇ ಆಲ್ಪ್ರಾಜೋಲಾಮ್, ಡಯಾಜೆಪಾಮ್. ಇವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಔಷಧಗಳು. ವರ್ಷಗಟ್ಟಲೆ ಒಳಗೆ ಹೋದರೆ ಮಿದುಳು ತನ್ನದೇ ಹಿಡಿತವನ್ನು ಸಡಿಲಿಸಿ, ಪುಡಿಯನ್ನೇ ನಂಬಿಕೊಳ್ಳುತ್ತದೆ. ಆಲ್ಪ್ರಾಜೋಲಾಮ್ ಸುಮಾರು 11 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಬಿಟ್ಟ ಒಂದೆರಡು ದಿನಕ್ಕೇ ನಡುಕ, ಬೆವರು, ಫಿಟ್ಸ್, ಭ್ರಮೆ. ಮತ್ತೆ ಕುಡಿದಾಗ ಸರಿಹೋದದ್ದೂ ಇದಕ್ಕೇ.

ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಗೆ ಹೋಗುವವರೆಗೆ ತಾವಾಗಿ ನಿಲ್ಲಿಸುವುದು ಬೇಡ. ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಯಾವಾಗ ಕುಡಿದರು, ಜೊತೆಗೆ ಮಾತ್ರೆ ನುಂಗುತ್ತಾರಾ, ಹಿಂದೆ ಫಿಟ್ಸ್ ಬಂದಿತ್ತು ಎಂಬುದನ್ನೂ ತಪ್ಪದೆ ಹೇಳಿ. ಸೇಂದಿಯಲ್ಲಿ ಪುಡಿ ಎಷ್ಟಿತ್ತೆಂಬ ಲೆಕ್ಕ ಮಾರುವವನಿಗೂ ಇರುವುದಿಲ್ಲ. ಅದಕ್ಕೇ ದಾಖಲು ಮಾಡಿಕೊಂಡು, ನಾಡಿ, ಬೆವರು, ನಡುಕ ನೋಡುತ್ತಾ, ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವ ಡಯಾಜೆಪಾಮ್‌ನಂಥ ಔಷಧ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ. ಸೇಂದಿಯ ಜೊತೆ ಬೇರೆ ಮದ್ಯದ ಕುಡಿತವೂ ಇದ್ದರೆ ಗ್ಲೂಕೋಸ್‌ಗೆ ಮೊದಲು ಥಯಾಮಿನ್ (ಬಿ1 ಜೀವಸತ್ವ) ಇಂಜೆಕ್ಷನ್ ಬೇಕಾಗುತ್ತದೆ.

ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಟ್ಟು ಹೊತ್ತು ಕಳೆಯಬೇಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ.

ಕೇಸಾದೀತೆಂಬ ಭಯಕ್ಕೆ ಎಷ್ಟೋ ಮನೆಯವರು ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ವೈದ್ಯರ ಕೆಲಸ ಚಿಕಿತ್ಸೆ ಕೊಡುವುದು. ತಾವಾಗಿ ಚಿಕಿತ್ಸೆಗೆ ಬರುವ ವ್ಯಸನಿಗಳಿಗೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆಯಿದೆ.

ಮನೆಗೆ ಬಂದ ಮೇಲೆ ಇನ್ನೊಂದು ಗಂಡಾಂತರ. ತಿಂಗಳು ಬಿಟ್ಟು, ಒಂದು ದಿನ ಗೆಳೆಯರ ಜೊತೆ ಹಳೇ ಅಳತೆಯಲ್ಲೇ ಕುಡಿದರೆ ದೇಹ ತಡೆಯದೆ ಉಸಿರು ನಿಲ್ಲಬಹುದು. ಇದನ್ನು ಅವರಿಗೂ ಗೆಳೆಯರಿಗೂ ಬಿಡಿಸಿ ಹೇಳಿ. ಗುಟ್ಟಾಗಿ ಊಟದಲ್ಲಿ ‘ಕುಡಿತ ಬಿಡಿಸುವ ಪುಡಿ’ ಬೆರೆಸುವುದಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಅವರು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿಯಬಹುದು.

ಪ್ರಶ್ನೆ: ನಮ್ಮ ಅವ್ವನಿಗೆ 66. ಹಳೇ ಚೀಟಿ ತೋರಿಸಿ ಐದು ವರ್ಷದಿಂದ ಆಲ್ಪ್ರಾಜೋಲಾಮ್ 0.5 ಮಿ.ಗ್ರಾಂ. ನುಂಗುತ್ತಾರೆ. ಈಗ ಮರೆವು, ಎರಡು ಸಲ ಬಿದ್ದರು. ನಿಲ್ಲಿಸಲೇ?
– ಓದುಗರು, ಗಂಗಾವತಿ

ಉತ್ತರ: ನಿಲ್ಲಿಸಬೇಕು, ಆದರೆ ನಾಳೆಯೇ ಅಲ್ಲ. ವಯಸ್ಸಾದವರಲ್ಲಿ ಈ ಮಾತ್ರೆಯಿಂದ ಬೀಳುವುದು, ಮರೆವು ಎರಡೂ ಹೆಚ್ಚುತ್ತವೆ. ವೈದ್ಯರು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುತ್ತಾರೆ, ಕೊನೆಕೊನೆಗೆ ಇನ್ನೂ ನಿಧಾನ. ತಿಂಗಳುಗಳೇ ಹಿಡಿದಾವು. ಇಳಿಸಿದ ವಾರ ನಿದ್ದೆ ಕೆಟ್ಟರೆ ಮಾತ್ರೆ ಏರಿಸಬೇಡಿ, ಅದೇ ಪ್ರಮಾಣದಲ್ಲಿ ಇನ್ನಷ್ಟು ದಿನ ನಿಲ್ಲಲು ವೈದ್ಯರನ್ನು ಕೇಳಿ. ಮಧ್ಯಾಹ್ನದ ನಂತರ ಚಹಾ ಬೇಡ, ಹಗಲು ನಿದ್ದೆ ಅರ್ಧ ಗಂಟೆಗಿಂತ ಹೆಚ್ಚು ಬೇಡ, ಬೆಳಗ್ಗೆ ಏಳುವ ಹೊತ್ತು ದಿನವೂ ಒಂದೇ ಇರಲಿ. ಕೊಪ್ಪಳದ ಆಸ್ಪತ್ರೆಗೆ ಹೋಗಲು ತಡವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ಅಲ್ಲಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.