ಸ್ಲಾಟ್ ಯಂತ್ರ ಶೇ. 96 ವಾಪಸ್ ಕೊಡುತ್ತದೆ ಎಂದಾದರೆ ನೂರು ನಾಣ್ಯ ಎಲ್ಲಿ ಹೋಯಿತು?

ನೀವು ಮೂರು ವಿಷಯ ಕೇಳಿದ್ದೀರಿ: ಗುಂಡಿ ಒತ್ತಿದ ಮೇಲೆ ಸ್ಲಾಟ್ ಯಂತ್ರದೊಳಗೆ (ನಾಣ್ಯ ಹಾಕಿ, ತಿರುಗುವ ಚಿತ್ರಗಳು ಹೊಂದಿಕೊಂಡರೆ ಬಹುಮಾನ ಕೊಡುವ ಕ್ಯಾಸಿನೊದ ಜೂಜಿನ ಯಂತ್ರ) ಏನು ನಡೆಯುತ್ತದೆ, ಬಹಳ ಹೊತ್ತಿನಿಂದ ಕೊಡದೆ ಇರುವ ಯಂತ್ರ ಇನ್ನೇನು ಕೊಟ್ಟೇ ಕೊಡುತ್ತದೆ ಎನ್ನುವುದು ನಿಜವೇ, ಶೇ. 96ರಷ್ಟು ಹಿಂದಿರುಗಿಸುವ ಆಟವೆಂದು ಬರೆದುಕೊಂಡಿದ್ದರೂ ನಿಮ್ಮ ಸ್ನೇಹಿತರು ಒಯ್ದ ನೂರು ನಾಣ್ಯ ಅರ್ಧ ಗಂಟೆಯಲ್ಲಿ ಖಾಲಿಯಾಯಿತಲ್ಲ, ಅದು ಮೋಸವಲ್ಲವೇ. ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಮೋಸ ಇರಲೇಬೇಕೆಂದಿಲ್ಲ. ಒಂದಕ್ಷರ ಸುಳ್ಳು ಹೇಳದೆಯೂ ಆ ಯಂತ್ರ ಜೇಬು ಬರಿದು ಮಾಡಬಲ್ಲದು.

ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಕ್ಯಾಸಿನೊದಲ್ಲಿ ಆಡಿದ್ದು ಒಂದೇ ಒಂದು ಸಲ. ಸೋತೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಪ್ರತಿ ವರ್ಷ ಸಂಭವನೀಯತೆಯ ಪಾಠಕ್ಕೆಂದು ರಟ್ಟಿನಲ್ಲಿ ಒಂದು ಸ್ಲಾಟ್ ಯಂತ್ರ ಮಾಡಿಕೊಂಡು ತರಗತಿಗೆ ಹೋಗುತ್ತೇನೆ. ಅದರ ಲೆಕ್ಕವನ್ನೇ ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ಕಾಗದ ಪೆನ್ಸಿಲ್ ಇದ್ದರೆ ಸಾಕು.

ಮೂರು ಉರುಳೆಗಳು. ಪ್ರತಿ ಉರುಳೆಯ ಸುತ್ತ ಹತ್ತು ಮನೆಗಳು: ಒಂದರಲ್ಲಿ ಏಳರ ಅಂಕಿ, ಎರಡರಲ್ಲಿ ಗಂಟೆಯ ಚಿತ್ರ, ಮೂರರಲ್ಲಿ ಚೆರ್ರಿ, ಉಳಿದ ನಾಲ್ಕು ಖಾಲಿ. ಮೂರೂ ಉರುಳೆಗಳು ಸೇರಿ ನಿಲ್ಲಬಹುದಾದ ಬಗೆಗಳು 10 × 10 × 10, ಅಂದರೆ 1,000. ಒಂದು ಆಟಕ್ಕೆ ಒಂದು ನಾಣ್ಯ (ನಮ್ಮ ತರಗತಿಯಲ್ಲಿ ಒಂದು ಸೀಮೆಸುಣ್ಣದ ತುಂಡು). ಮೂರು ಏಳು ಬಂದರೆ 200 ನಾಣ್ಯ. ಸಾವಿರದಲ್ಲಿ ಅದು ಬರುವ ಬಗೆ ಒಂದೇ. ಮೂರು ಗಂಟೆಗೆ 20 ನಾಣ್ಯ. ಅದಕ್ಕೆ ಎಂಟು ಬಗೆ. ಮೂರು ಚೆರ್ರಿಗೆ 6 ನಾಣ್ಯ, 27 ಬಗೆ. ಎರಡೇ ಚೆರ್ರಿ ಬಂದರೆ 2 ನಾಣ್ಯ. ಅದಕ್ಕೆ 189 ಬಗೆ. ಈಗ ಗುಣಿಸಿ ಕೂಡಿಸಿ: 200 + 160 + 162 + 378. ಮೊತ್ತ 900. ಸಾವಿರ ನಾಣ್ಯ ನುಂಗುವ ಯಂತ್ರ ಸರಾಸರಿಯಲ್ಲಿ ಒಂಬೈನೂರು ಉಗುಳುತ್ತದೆ. ಆಟಗಾರರು ಆರ್‌ಟಿಪಿ (ರಿಟರ್ನ್ ಟು ಪ್ಲೇಯರ್, ಆಟಗಾರರಿಗೆ ಹಿಂದಿರುಗುವ ಪಾಲು) ಎನ್ನುವುದು ಇದನ್ನೇ. ನನ್ನ ರಟ್ಟಿನ ಯಂತ್ರದ ಆರ್‌ಟಿಪಿ ಶೇ. 90. ಉಳಿದ ಶೇ. 10 ಕ್ಯಾಸಿನೊದ್ದು.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಹೆಜ್ಜೆಯಲ್ಲಿ ತರಗತಿ ಮೌನವಾಗುತ್ತದೆ.

ಆ 900ರಲ್ಲಿ 200 ಬಂದದ್ದು ಮೂರು ಏಳಿನಿಂದ. ಅದು ಸಾವಿರಕ್ಕೊಂದು. ನೀವು ಕುಳಿತು ನೂರು ಸಲ ಆಡಿದಿರಿ ಎನ್ನಿ. ಅಷ್ಟರೊಳಗೆ ಮೂರು ಏಳು ಕಾಣುವ ಸಂಭವ ಶೇ. 10ಕ್ಕೂ ಸ್ವಲ್ಪ ಕಡಿಮೆ. ಹಾಗಾದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಆ 200 ಇಲ್ಲವೇ ಇಲ್ಲ. ಅವರು ಆಡುತ್ತಿರುವುದು ಶೇ. 70 ಹಿಂದಿರುಗಿಸುವ ಯಂತ್ರದಲ್ಲಿ. ಹಲಗೆಯ ಮೇಲೆ ಬರೆದ 90 ಸುಳ್ಳಲ್ಲ. ಅದು ಯಂತ್ರದ ಇಡೀ ಆಯುಸ್ಸಿನ ಸರಾಸರಿ, ನಿಮ್ಮ ಒಂದು ಸಂಜೆಯದಲ್ಲ. ನಿಮ್ಮ ಪಾಲಿನ ಸ್ವಲ್ಪ ಹಣ, ಆ ಹತ್ತನೆಯವನಿಗಾಗಿ ಎತ್ತಿಟ್ಟದ್ದು.

ಇನ್ನೊಂದು ಕೈಚಳಕ ನೋಡಿ. ಉರುಳೆಗಳನ್ನು ಮುಟ್ಟುವುದು ಬೇಡ. ಎರಡು ಚೆರ್ರಿಗೆ ಕೊಡುತ್ತಿದ್ದುದನ್ನು ನಿಲ್ಲಿಸಿ, ಆ 378ನ್ನು ಮೂರು ಏಳಿನ ಬಹುಮಾನಕ್ಕೆ ಸೇರಿಸಿ 578 ಮಾಡಿ. ಮೊತ್ತ ಮತ್ತೆ 900, ಆರ್‌ಟಿಪಿ ಮತ್ತೆ ಶೇ. 90. ಆದರೆ ಮೊದಲು ಸಾವಿರದಲ್ಲಿ 225 ಸಲ ಏನಾದರೂ ಸಿಗುತ್ತಿತ್ತು. ಈಗ ಸಿಗುವುದು 36 ಸಲ. ಏಳು ಕಾಣದವರ ಪಾಲಿಗೆ ಇದು ಶೇ. 32ರ ಯಂತ್ರ. ಇದನ್ನು ವೊಲಟಿಲಿಟಿ ಎನ್ನುತ್ತಾರೆ, ಏರಿಳಿತ ಎಂದುಕೊಳ್ಳಿ. ಆರ್‌ಟಿಪಿ ಒಂದೇ ಆಗಿದ್ದರೂ ಒಂದು ಯಂತ್ರ ನಿಮ್ಮ ಹಣವನ್ನು ಹನಿಹನಿಯಾಗಿ ಹೀರುತ್ತದೆ, ಇನ್ನೊಂದು ಗಟಗಟನೆ ಕುಡಿದುಬಿಡುತ್ತದೆ. ಹೊಸಬರು ಆರ್‌ಟಿಪಿ ಮಾತ್ರ ನೋಡಿ ಏರಿಳಿತವನ್ನು ಕೇಳದೆ ಬಿಡುತ್ತಾರೆ ಎನ್ನುವುದೇ ನನ್ನ ದೊಡ್ಡ ತಕರಾರು.

ಅದಕ್ಕಿಂತ ಹೆಚ್ಚು ಜನ ಎಡವುವ ಜಾಗ ಇನ್ನೊಂದಿದೆ. ಆ ಶೇಕಡಾ ಲೆಕ್ಕ ನೀವು ಜೇಬಿನಲ್ಲಿ ಒಯ್ದ ಹಣದ ಮೇಲಲ್ಲ, ಪಣಕ್ಕೆ ಇಟ್ಟ ಹಣದ ಮೇಲೆ. ಗೆದ್ದ ನಾಣ್ಯವನ್ನೇ ಮತ್ತೆ ಪಣಕ್ಕಿಟ್ಟರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಕೈ ಚುರುಕಾಗಿರುವವರು ಗಂಟೆಗೆ 600 ಸಲ ಗುಂಡಿ ಒತ್ತುತ್ತಾರೆ, ಆರು ಸೆಕೆಂಡಿಗೊಮ್ಮೆ. ನಿಮ್ಮ ಸ್ನೇಹಿತರು ಸಲಕ್ಕೆ ಎರಡು ನಾಣ್ಯದಂತೆ ಅರ್ಧ ಗಂಟೆ ಆಡಿದರೆ ಪಣಕ್ಕಿಟ್ಟದ್ದು 600 ನಾಣ್ಯ. ಶೇ. 96ರ ಆಟದಲ್ಲೇ ಸರಾಸರಿ ನಷ್ಟ 24. ದೊಡ್ಡ ಬಹುಮಾನ ಕಾಣದವರಿಗೆ ಆ ಆಟ ಶೇ. 80ಕ್ಕೆ ಇಳಿಯುತ್ತದೆ ಎಂದುಕೊಂಡರೆ ನಷ್ಟ 120. ಒಯ್ದದ್ದು ನೂರು. ಅಲ್ಲಿಗೆ ಲೆಕ್ಕ ಮುಗಿಯಿತು.

ಈಗ ಗುಂಡಿಯ ವಿಷಯ. 1890ರ ದಶಕದ ಕೊನೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾರ್ಲ್ಸ್ ಫೇ ತಯಾರಿಸಿದ ಲಿಬರ್ಟಿ ಬೆಲ್ ಯಂತ್ರ ನನ್ನ ರಟ್ಟಿನ ಯಂತ್ರದ ಅಜ್ಜ: ಮೂರು ಉರುಳೆ, ಒಂದು ಹಿಡಿಕೆ, ಮೂರು ಗಂಟೆ ಸಾಲಾಗಿ ನಿಂತರೆ 50 ಸೆಂಟ್. ಹಲ್ಲುಚಕ್ರ ಎಲ್ಲಿ ನಿಂತಿತೋ ಅದೇ ಫಲಿತಾಂಶ. ಇದರಲ್ಲಿ ಯಂತ್ರ ಮಾಡುವವರಿಗೆ ಒಂದು ತೊಡಕಿತ್ತು. ದೊಡ್ಡ ಬಹುಮಾನ ಇಡಬೇಕೆಂದರೆ ಅದು ತೀರ ಅಪರೂಪವಾಗಬೇಕು. ಅಪರೂಪವಾಗಬೇಕೆಂದರೆ ಉರುಳೆಯಲ್ಲಿ ಮನೆಗಳು ಹೆಚ್ಚಬೇಕು. ಬಂಡಿಯ ಚಕ್ರದಷ್ಟು ಉರುಳೆ ಇಟ್ಟರೆ ಯಾರು ಕೂರುತ್ತಾರೆ?

1984ರಲ್ಲಿ ಇಂಗೆ ಟೆಲ್ನೆಸ್ ಎಂಬವರು ಪಡೆದ ಪೇಟೆಂಟ್ ಆ ಗಂಟನ್ನು ಬಿಡಿಸಿತು. ಕಾಣುವ ಉರುಳೆ ಹಾಗೆಯೇ ಇರಲಿ, ಅದು ಎಲ್ಲಿ ನಿಲ್ಲಬೇಕೆಂದು ಕಂಪ್ಯೂಟರ್ ಹೇಳಲಿ ಎಂಬುದು ಅದರ ಸಾರ. ಉರುಳೆಯ ಮೇಲೆ 22 ಮನೆ ಇವೆ ಎನ್ನಿ. ಕಂಪ್ಯೂಟರಿನ ಒಳಗಿನ ಪಟ್ಟಿಯಲ್ಲಿ 64 ಸಾಲು. ಏಳಕ್ಕೆ ಒಂದೇ ಸಾಲು, ಖಾಲಿ ಮನೆಗಳಿಗೆ ಬೇಕಾದಷ್ಟು. ನಿಮ್ಮ ಕಣ್ಣು 22ರಲ್ಲಿ ಒಂದು ಏಳನ್ನು ಕಂಡು 10,648ರಲ್ಲಿ ಒಂದು ಎಂದು ಅಂದಾಜು ಹಾಕುತ್ತದೆ. ನಿಜವಾದ ಸಂಭವ 64ರ ಘನ, 2,62,144ರಲ್ಲಿ ಒಂದು. ಸುಮಾರು 25 ಪಟ್ಟು ವ್ಯತ್ಯಾಸ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಚಂದವಾಗಿಯೂ ಅತ್ಯಂತ ಅಸಹ್ಯವಾಗಿಯೂ ಕಾಣುವ ಉಪಾಯ ಇದು.

ಇಂದಿನ ಬಹುತೇಕ ಯಂತ್ರಗಳು, ಪರದೆಯ ಮೇಲಿನವೂ, ಇದೇ ದಾರಿಯವು. ಒಳಗಿನ ತಂತ್ರಾಂಶ ಯಾರೂ ಆಡದೆ ಇದ್ದಾಗಲೂ ಕ್ಷಣಕ್ಷಣಕ್ಕೂ ಯಾದೃಚ್ಛಿಕ ಸಂಖ್ಯೆಗಳನ್ನು ಹೊರಡಿಸುತ್ತಲೇ ಇರುತ್ತದೆ. ನೀವು ಒತ್ತಿದ ಗಳಿಗೆಯಲ್ಲಿ ಯಾವ ಸಂಖ್ಯೆ ಇತ್ತೋ ಅದು ನಿಮ್ಮದು. ಅದರಿಂದ ಪ್ರತಿ ಉರುಳೆಯ ಜಾಗ ಗೊತ್ತಾಗುತ್ತದೆ. ಆಮೇಲಿನ ಗಿರಗಿರ ತಿರುಗಾಟ ಬರೀ ಮೆರವಣಿಗೆ. ನಡುವೆ ನಿಲ್ಲಿಸುವ ಗುಂಡಿ ಒತ್ತಿದರೆ ಮೆರವಣಿಗೆ ಬೇಗ ಮುಗಿಯುತ್ತದೆ, ಅಷ್ಟೇ. ವೈಲ್ಡ್ (ಬೇರೆ ಚಿತ್ರದ ಬದಲಿಗೆ ನಿಲ್ಲುವ ಚಿತ್ರ), ಸ್ಕ್ಯಾಟರ್ (ಒಂದೇ ಸಾಲಿನಲ್ಲಿ ಇಲ್ಲದಿದ್ದರೂ ಎಣಿಕೆಗೆ ಬರುವ ಚಿತ್ರ), ಉಚಿತ ಸುತ್ತು, ಬೋನಸ್ ಎಂಬ ಅಲಂಕಾರಗಳೂ ಆರ್‌ಟಿಪಿಯ ಲೆಕ್ಕದೊಳಗೇ ಸೇರಿವೆ, ಯಾವುದೂ ದಾನವಲ್ಲ.

ಹಾಗಾದರೆ ಬಹಳ ಹೊತ್ತಿನಿಂದ ಕೊಡದ ಯಂತ್ರ? ಅದಕ್ಕೆ ನೆನಪಿಲ್ಲ. 1913ರಲ್ಲಿ ಮಾಂಟೆ ಕಾರ್ಲೊ ಕ್ಯಾಸಿನೊದ ರೂಲೆಟ್ ಮೇಜಿನಲ್ಲಿ (ಕೆಂಪು, ಕಪ್ಪು ಮನೆಗಳಿರುವ ಚಕ್ರದಲ್ಲಿ ಚೆಂಡು ಉರುಳಿಸುವ ಜೂಜು) ಚೆಂಡು ಸತತ 26 ಸಲ ಕಪ್ಪಿನ ಮೇಲೆ ಬಿತ್ತು. ಇನ್ನು ಕೆಂಪು ಬರಲೇಬೇಕೆಂದು ಸುರಿದವರೆಲ್ಲ ಕೈ ಸುಟ್ಟುಕೊಂಡರು. ಸ್ಲಾಟ್ ಯಂತ್ರದ್ದೂ ಅದೇ ಗುಣ. 2,62,144ರಲ್ಲಿ ಒಂದು ಎಂಬ ಬಹುಮಾನಕ್ಕಾಗಿ ನೀವು ಅಷ್ಟೂ ಸಲ ಆಡಿದರೆ, ಅಂದರೆ ಗಂಟೆಗೆ 600ರಂತೆ ಸುಮಾರು 437 ಗಂಟೆ ಕುಳಿತರೆ, ಅದು ಒಮ್ಮೆಯೂ ಬಾರದೆ ಇರುವ ಸಂಭವ ಆಗಲೂ ಶೇ. 37ರ ಹತ್ತಿರ ಇರುತ್ತದೆ. ಮರುದಿನ ಬೆಳಿಗ್ಗೆ ನಿಮ್ಮ ಮೊದಲ ಆಟಕ್ಕೆ ಸಂಭವ ಎಷ್ಟು? ಮತ್ತೆ 2,62,144ರಲ್ಲಿ ಒಂದು.

ಇದನ್ನು ಬಾಯಲ್ಲಿ ಒಪ್ಪುವುದು ಸುಲಭ. ಒಮ್ಮೆ ಒಬ್ಬ ವಿದ್ಯಾರ್ಥಿ ರಟ್ಟಿನ ಯಂತ್ರದ ಮುಂದೆ ಅರವತ್ತು ಸಲ ತಿರುಗಿಸಿದರೂ ಎದ್ದೇಳಲಿಲ್ಲ. "ಈಗ ಬಿಟ್ಟರೆ ಮುಂದಿನವನಿಗೆ ಬರುತ್ತದೆ ಸರ್" ಎಂದ. ಪಾಠದ ಈ ಭಾಗ ಆಗಲೇ ಮುಗಿದಿತ್ತು, ಅವನು ಟಿಪ್ಪಣಿಯನ್ನೂ ಬರೆದುಕೊಂಡಿದ್ದ. ಒತ್ತಾಯ ಮಾಡಿ ಎಬ್ಬಿಸಿದೆ. ಮುಂದಿನವನಿಗೆ ಎರಡನೆಯ ಸಲಕ್ಕೇ ಮೂರು ಗಂಟೆ ಬಂದುಬಿಟ್ಟವು, ಇಪ್ಪತ್ತು ತುಂಡು ಸೀಮೆಸುಣ್ಣ. ಮೊದಲಿನವನು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಅವನೇ ಕುಳಿತಿದ್ದರೆ ಅವನ ಕೈಯ ಬಿರುಸು ಬೇರೆ, ಉರುಳೆ ನಿಲ್ಲುವ ಜಾಗ ಬೇರೆ. ನಿಜವಾದ ಯಂತ್ರದಲ್ಲಂತೂ ನೀವು ಕಣ್ಣು ಮಿಟುಕಿಸುವಷ್ಟು ತಡ ಮಾಡಿದರೂ ಸಿಗುವ ಸಂಖ್ಯೆ ಬೇರೆಯದೇ. ಬೇರೆಯವರು ನಿಮ್ಮ ಜಾಕ್‌ಪಾಟ್, ಅಂದರೆ ದೊಡ್ಡ ಬಹುಮಾನ, ಎತ್ತಿಕೊಂಡು ಹೋಗಲು ಸಾಧ್ಯವೇ ಇಲ್ಲ.

ಅಂಥ ಹಠ ಹುಟ್ಟಿಸುವುದರಲ್ಲಿ ಯಂತ್ರದ ಪಾತ್ರವೂ ಇದೆ. ಎರಡು ಏಳು ನಿಂತು ಮೂರನೆಯದು ಒಂದೇ ಮನೆಯಷ್ಟು ಮೇಲಕ್ಕೆ ನಿಂತರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನಿಸುತ್ತದೆ. ನನ್ನ ಯಂತ್ರದಲ್ಲೇ, ಯಾವ ತಂತ್ರವೂ ಇಲ್ಲದೆ, ಎರಡೇ ಏಳು ಬರುವುದು 27 ಬಗೆಯಲ್ಲಿ, ಮೂರು ಏಳು ಒಂದೇ ಬಗೆಯಲ್ಲಿ. ಕಂಪ್ಯೂಟರ್ ಪಟ್ಟಿಯಲ್ಲಿ ಏಳಿನ ಅಕ್ಕಪಕ್ಕದ ಖಾಲಿ ಮನೆಗಳಿಗೆ ಹೆಚ್ಚು ಸಾಲು ಕೊಟ್ಟರೆ ಈ 'ಅಯ್ಯೋ, ತಪ್ಪಿತಲ್ಲ' ಇನ್ನಷ್ಟು ಹೆಚ್ಚುತ್ತದೆ. ಗಣಿತದಲ್ಲಿ ಸ್ವಲ್ಪದರಲ್ಲಿ ತಪ್ಪುವುದು ಎಂಬುದಿಲ್ಲ, ಸೋತದ್ದು ಸೋತದ್ದೇ.

ಪರದೆಯ ಆಟಗಳಲ್ಲಿ ಇನ್ನೂ ನಾಜೂಕಾದ ಒಂದು ವಿದ್ಯೆ ಇದೆ. ಚಿತ್ರಗಳು ಹೊಂದಿಕೊಂಡರೆ ಹಣ ಕೊಡುವ 20 ಸಾಲು ಪರದೆಯ ಮೇಲಿವೆ ಎನ್ನಿ, ಸಾಲಿಗೊಂದು ನಾಣ್ಯ, ಒಟ್ಟು 20 ಪಣಕ್ಕಿಟ್ಟಿರಿ. ಒಂದು ಸಾಲಿನಲ್ಲಿ 8 ಬಂತು. ದೀಪ ಮಿನುಗುತ್ತದೆ, ಸಂಗೀತ ಮೊಳಗುತ್ತದೆ. ಹನ್ನೆರಡು ಕಳೆದುಕೊಂಡವರಿಗೆ ಅಭಿನಂದನೆ! ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರ ಚರ್ಮದ ವಿದ್ಯುತ್ ವಾಹಕತೆ ಅಳೆದು ನೋಡಿದ್ದರು. ಇಂಥ ಸೋಲಿಗೂ ನಿಜವಾದ ಗೆಲುವಿಗೂ ದೇಹ ಸ್ಪಂದಿಸಿದ್ದು ಹೆಚ್ಚುಕಡಿಮೆ ಒಂದೇ ರೀತಿ. ಆಡುವಾಗ ಕಿವಿಯನ್ನು ನಂಬದೆ, ಪರದೆಯ ಮೂಲೆಯಲ್ಲಿರುವ ಬಾಕಿ ಮೊತ್ತವನ್ನು ಮಾತ್ರ ನೋಡಿ.

ಮೋಸ ಎಂದೂ ನಡೆದೇ ಇಲ್ಲವೇ? ನಡೆದಿದೆ. ಅಮೆರಿಕದ ನೆವಾಡಾ ರಾಜ್ಯದಲ್ಲಿ ಯಂತ್ರಗಳನ್ನು ತಪಾಸಣೆ ಮಾಡುವ ಸರ್ಕಾರಿ ಮಂಡಳಿಯಲ್ಲೇ ಕೆಲಸ ಮಾಡುತ್ತಿದ್ದ ರಾನ್ ಹ್ಯಾರಿಸ್, ನಿರ್ದಿಷ್ಟ ಕ್ರಮದಲ್ಲಿ ನಾಣ್ಯ ಹಾಕಿದರೆ ಹಣ ಸುರಿಯುವಂತೆ ತಂತ್ರಾಂಶ ತಿದ್ದಿ 1995ರಲ್ಲಿ ಸಿಕ್ಕಿಬಿದ್ದ. ಅವನು ವಂಚಿಸಿದ್ದು ಕ್ಯಾಸಿನೊಗಳನ್ನು ಎಂಬುದನ್ನು ಗಮನಿಸಿ. ಲೆಕ್ಕವೇ ತನ್ನ ಪರವಾಗಿರುವಾಗ ಕ್ಯಾಸಿನೊ ಮೋಸಕ್ಕೆ ಕೈಹಾಕುವ ಅಗತ್ಯ ಕಡಿಮೆ. ನೆವಾಡಾದ ನಿಯಮ ಕೇಳುವ ಕನಿಷ್ಠ ಆರ್‌ಟಿಪಿ ಶೇ. 75, ನ್ಯೂಜೆರ್ಸಿಯದು ಶೇ. 83. ಪರವಾನಗಿಯೇ ಇಲ್ಲದ ಜಾಲತಾಣದ ಮಾತು ಬೇರೆ. ಅಲ್ಲಿ ಬರೆದಿರುವ ಶೇಕಡಾ ಸಂಖ್ಯೆಯನ್ನು ಯಾರೂ ತೂಗಿ ನೋಡಿರುವುದಿಲ್ಲ. ಇನ್ನೊಂದು ಮಾತು: ಒಂದೇ ಹೆಸರಿನ, ಒಂದೇ ಚಿತ್ರದ ಆಟವನ್ನು ತಯಾರಕರು ಹಲವು ಆರ್‌ಟಿಪಿಗಳಲ್ಲಿ ಮಾರುತ್ತಾರೆ. ಒಂದು ಕಡೆ 96 ಇದ್ದದ್ದು ಇನ್ನೊಂದು ಕಡೆ 92 ಇರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಆಟದ ಮಾಹಿತಿ ಪುಟ ತೆರೆದು ಅಲ್ಲಿ ಏನಿದೆ ಎಂದು ಓದಬೇಕು.

ಹಾಗೆ ಓದಿದ ಮೇಲೆ ಒಂದು ಗುಣಾಕಾರ ಮಾಡಿ: ಸಲಕ್ಕೆ ಇಡುವ ಪಣ, ಗಂಟೆಗೆ ಎಷ್ಟು ಸಲ, ನೂರರಿಂದ ಆರ್‌ಟಿಪಿ ಕಳೆದು ಉಳಿದ ಶೇಕಡಾ. ಸಲಕ್ಕೆ ಒಂದು ನಾಣ್ಯ, ಗಂಟೆಗೆ 600 ಸಲ, ಆರ್‌ಟಿಪಿ 90 ಎಂದರೆ ಗಂಟೆಗೆ 60 ನಾಣ್ಯ. ಇದು ಆ ಕುರ್ಚಿಯ ಬಾಡಿಗೆ. ನಿಮ್ಮ ಸ್ನೇಹಿತರು ಸಲಕ್ಕೆ ಎಷ್ಟು ಇಡುತ್ತಿದ್ದರು, ಮಾಹಿತಿ ಪುಟದಲ್ಲಿ ಏರಿಳಿತ ಎಷ್ಟೆಂದು ಬರೆದಿತ್ತು ಎಂದು ಕೇಳಿ ತಿಳಿಸಿ. ಅವರ ಅರ್ಧ ಗಂಟೆಯ ಬಾಡಿಗೆ ಎಷ್ಟಾಗಬೇಕಿತ್ತು ಎಂಬುದನ್ನು ಲೆಕ್ಕ ಹಾಕಿ ಇಲ್ಲೇ ಕೆಳಗೆ ಬರೆಯುತ್ತೇನೆ.