ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಿಗೆ ಅವರ ಒಳ್ಳೆಯ ನಡತೆಗಾಗಿ ಕೊಡುವ ಪ್ರಶಸ್ತಿ ಇದೆಯೇ?

ಇದೆ. ಅಮೆರಿಕದ ‘ಸ್ಕಿಪ್ ಪ್ರಾಸರ್ ಮ್ಯಾನ್ ಆಫ್ ದ ಇಯರ್’ ಪ್ರಶಸ್ತಿ ಅಂಥದ್ದು. ಕಾಲೇಜ್‌ಇನ್‌ಸೈಡರ್ ಎಂಬ ಕ್ರೀಡಾ ಜಾಲತಾಣ ಇದನ್ನು ಕೊಡುತ್ತದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದರ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರ ಪುರುಷರ ತಂಡಗಳ ಕೋಚ್‌ಗಳ ಪೈಕಿ, ಅಂಕಣದಲ್ಲಿ ಗೆಲುವು ಕಂಡು ಅಂಕಣದಾಚೆಯೂ ಪ್ರಾಮಾಣಿಕವಾಗಿ ಬದುಕುವವರಿಗೆ ಇದು ಸಲ್ಲುತ್ತದೆ.

ಇದಕ್ಕೆ ಕೋಚ್ ಸ್ಕಿಪ್ ಪ್ರಾಸರ್ ಅವರ ಹೆಸರನ್ನೇ ಯಾಕೆ ಇಟ್ಟರು ಎಂಬುದು ಅವರ ಬದುಕನ್ನು ನೋಡಿದರೆ ಗೊತ್ತಾಗುತ್ತದೆ. ಮೊದಲು ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು. 1993ರಲ್ಲಿ ಮೇರಿಲ್ಯಾಂಡ್‌ನ ಲೊಯೋಲಾ ಕಾಲೇಜಿನ ತಂಡವನ್ನು ವಹಿಸಿಕೊಂಡರು. ಹಿಂದಿನ ವರ್ಷ ಆ ತಂಡ ಗೆದ್ದದ್ದು ಬರೀ 2 ಪಂದ್ಯ, ಸೋತದ್ದು 25! ಅದನ್ನು ಮೊದಲ ವರ್ಷವೇ, ಆಯ್ದ ತಂಡಗಳಷ್ಟೇ ಆಡುವ ಎನ್‌ಸಿಎಎ ರಾಷ್ಟ್ರೀಯ ಟೂರ್ನಿಗೆ ಕರೆದೊಯ್ದರು. ಮುಂದೆ ಝೇವಿಯರ್, ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಗಳಲ್ಲಿ ಕೂಡ ಮೊದಲ ವರ್ಷವೇ ಅದನ್ನು ಸಾಧಿಸಿದರು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಾರೆ ಕ್ರಿಸ್ ಪಾಲ್ ವೇಕ್ ಫಾರೆಸ್ಟ್‌ನಲ್ಲಿ ಇವರ ಕೈಕೆಳಗೆ ಪಳಗಿದ ಹುಡುಗ.

2007ರ ಜುಲೈ 26ರಂದು ಹೃದಯಾಘಾತದಿಂದ ಪ್ರಾಸರ್ ತೀರಿಕೊಂಡಾಗ ವಯಸ್ಸು ಬರೀ 56. ಅವರ ನೆನಪಿಗೆಂದೇ ಹುಟ್ಟಿದ ಪ್ರಶಸ್ತಿ ಇದು. ಗೆಲುವಿನ ಪಟ್ಟಿಯಷ್ಟನ್ನೇ ನೋಡಿ ಕೊಡುವ ‘ವರ್ಷದ ಕೋಚ್’ ಬಿರುದಿಗಿಂತ ಇದು ದೊಡ್ಡ ಗೌರವ ಎಂದು ನಾನು ನಂಬುತ್ತೇನೆ. ಹದಿನೆಂಟು, ಇಪ್ಪತ್ತರ ಹುಡುಗರು ಮನೆ ಬಿಟ್ಟು ಬಂದಾಗ ದಿನವೂ ಎದುರಿಗೆ ಕಾಣುವ ಹಿರಿಯರು ಈ ಕೋಚ್‌ಗಳೇ ಅಲ್ಲವೇ?